ಪಕ್ಕದ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇದೆ?

ಮೈಸೂರಿನಲ್ಲಿ ಎಂ.ಎ. ಓದುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಕ್ಯಾಂಪಸ್ಸಿನಲ್ಲಿ 40 ಜನ ಸೇರುವ ಒಂದು ಕವಿಗೋಷ್ಠಿ ಇಟ್ಟುಕೊಂಡಿದ್ದೆವು. ವಿಭಾಗದ ಮುಖ್ಯಸ್ಥರ ಸಹಿ ಆಯಿತು. ಆಮೇಲೆ ಕಚೇರಿ, ಸೆಕ್ಯುರಿಟಿ, ಎಲೆಕ್ಟ್ರಿಕಲ್ ಸೆಕ್ಷನ್ ಅಂತ ಅಲೆದೆವು. ಅತಿಥಿಯ ಬಯೋಡೇಟಾ ಕೇಳಿದರು. ಅವರು ಏನು ಮಾತಾಡುತ್ತಾರೆ ಅಂತ ಒಂದು ಪುಟ ಬರೆದುಕೊಡಿ ಅಂದರು. ಅದನ್ನೂ ಕೊಟ್ಟೆವು. ಹಿಂದಿನ ದಿನ ಸಂಜೆ ಅನುಮತಿ ಇಲ್ಲ ಅಂತ ಫೋನ್ ಬಂತು, ಕಾರಣ ಹೇಳಲಿಲ್ಲ. ಅದೇ ವಾರ ಪಕ್ಕದ ಮೈದಾನದಲ್ಲಿ ರಾತ್ರಿ 11ರವರೆಗೆ ಡಿಜೆ ನಡೆಯಿತು. ನಿಯಮ ಇರುವುದು ನಮಗೆ ಮಾತ್ರವಾ ಸಾರ್?"

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಮೊದಲು ಆ ಕಚೇರಿಯವರ ಕಡೆಯ ಮಾತು ಒಂದಿಷ್ಟು ಹೇಳಿಬಿಡುತ್ತೇನೆ. ಜನ ಸೇರುವ ಕಡೆ ಏನಾದರೂ ಹೆಚ್ಚುಕಮ್ಮಿ ಆದರೆ ಠಾಣೆಗೆ ಓಡಾಡಬೇಕಾದವರು ಅವರೇ. 2023ರ ನವೆಂಬರ್ 25ರಂದು ಕೇರಳದ ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಏನಾಯಿತು ನೆನಪಿದೆ ಅಲ್ವಾ? ಟೆಕ್ ಫೆಸ್ಟ್, ಬಯಲು ರಂಗಮಂದಿರದಲ್ಲಿ ಹಾಡಿನ ಕಾರ್ಯಕ್ರಮ. ಮಳೆ ಬಂತು, ಹೊರಗಿದ್ದವರು ಒಳಗೆ ನುಗ್ಗಿದರು, ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ನಾಲ್ಕು ಜನ ಸತ್ತರು. ಹಾಗಾಗಿ ನಿಯಮವೇ ಬೇಡ ಅನ್ನುವವನು ನಾನಲ್ಲ.

ಆದರೆ ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು ನೋಡಿ. ಕವಿ ಯಾರು, ಎಲ್ಲಿಯವರು, ಏನು ಮಾತಾಡುತ್ತಾರೆ. ಕೊಚ್ಚಿಯಲ್ಲಿ ಜೀವ ಹೋಗಿದ್ದು ಯಾರ ಭಾಷಣದಿಂದಲೂ ಅಲ್ಲ. ಗೇಟಿನಲ್ಲಿ, ಮೆಟ್ಟಿಲಲ್ಲಿ, ಮಳೆ ಬಂದರೆ ಜನ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಯೋಚಿಸದೇ ಇದ್ದದ್ದರಲ್ಲಿ. ಎಷ್ಟು ಜನ ಬರುತ್ತಾರೆ, ಬಾಗಿಲು ಎಷ್ಟಿವೆ, ಯಾವುದು ತೆರೆದಿರುತ್ತದೆ, ಕರೆಂಟು ಹೋದರೆ ಏನು ಗತಿ, ಕುಡಿಯುವ ನೀರು ಎಲ್ಲಿ, ಯಾರಿಗಾದರೂ ತಲೆ ಸುತ್ತಿ ಬಂದರೆ ಯಾರು ಕರೆದೊಯ್ಯುತ್ತಾರೆ: ಇವುಗಳಲ್ಲಿ ಒಂದನ್ನಾದರೂ ನಿಮ್ಮನ್ನು ಕೇಳಿದರಾ? ನಿಮ್ಮ ಪತ್ರದಲ್ಲಂತೂ ಇಲ್ಲ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಮ್ಮ ಕಡೆಯ ಒಂದು ಕಾಲೇಜಿಗೆ ಅತಿಥಿಯಾಗಿ ಹೋಗಿದ್ದೆ. ಯಾವ ಕಾಲೇಜು ಅನ್ನುವುದು ಇಲ್ಲಿ ಬೇಡ. ಸಭಾಂಗಣ ತುಂಬಿ ಹಿಂದೆ ಹುಡುಗರು ನಿಂತಿದ್ದರು. ಪಕ್ಕದ ಎರಡು ಬಾಗಿಲಿಗೂ ಬೀಗ. ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ರಜೆ. ಆ ಕಾರ್ಯಕ್ರಮದ ಫೈಲನ್ನು ಪ್ರಾಂಶುಪಾಲರು ನನಗೆ ಹೆಮ್ಮೆಯಿಂದ ತೋರಿಸಿದ್ದರು. ಇನ್‌ವರ್ಡ್ ಸೀಲು, ಕವರಿಂಗ್ ಲೆಟರ್, ನನ್ನ ಬಯೋಡೇಟಾ ಮೂರು ಪ್ರತಿ, ಎಲ್ಲವೂ ಇತ್ತು. ಬೀಗದ ವಿಷಯ ಒಂದು ಕಡೆಯೂ ಇರಲಿಲ್ಲ. ಕೊನೆಗೆ ಎರಡನೇ ವರ್ಷದ ಹುಡುಗಿಯೊಬ್ಬಳು ಅಟೆಂಡರ್ ಮನೆಗೆ ಸ್ಕೂಟರಿನಲ್ಲಿ ಹೋಗಿ ಬೀಗದ ಕೈ ತಂದಳು, ಒಂದು ಬಾಗಿಲು ತೆಗೆದಳು, ಅದು ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಒಂದು ಇಟ್ಟಿಗೆ ಇಟ್ಟು ಕಾರ್ಯಕ್ರಮ ಮುಗಿಯುವವರೆಗೂ ಅಲ್ಲೇ ನಿಂತಳು. ಅಲ್ಲಿದ್ದ ನೂರಾರು ಜನರ ಜೀವದ ಬಗ್ಗೆ ಯೋಚಿಸಿದವಳು ಅವಳೊಬ್ಬಳೇ. ವಂದನಾರ್ಪಣೆಯಲ್ಲಿ ಅವಳ ಹೆಸರು ಬರಲಿಲ್ಲ, ನನಗೆ ಇವತ್ತಿಗೂ ಅದು ಬೇಜಾರು.

ಕಾರ್ಯಕ್ರಮ ಮಾಡುವುದೇ ಒಂದು ಪಾಠ. ಖರ್ಚಿನ ಪಟ್ಟಿ ಬರೆಯುವುದು, ಮೈಕ್‌ನವನ ಹತ್ತಿರ ಚೌಕಾಸಿ ಮಾಡುವುದು, ಅತಿಥಿ ಕೊನೇ ಗಳಿಗೆಯಲ್ಲಿ ಬರಲ್ಲ ಅಂದಾಗ ಸಂಭಾಳಿಸುವುದು, ಭಿನ್ನ ಅಭಿಪ್ರಾಯದವನಿಗೂ ಐದು ನಿಮಿಷ ಬಿಟ್ಟುಕೊಡುವುದು. ಇದನ್ನೆಲ್ಲ ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ ಹೇಳಿ. ಕಲಿಯುವುದು ಹೀಗೇ, ಮಾಡಿ ಮಾಡಿ.

ನಮ್ಮೂರಿನ ಕಥೆಯೇ ಇದೆಯಲ್ಲ. 1921ರಲ್ಲಿ ರಾಧಾಕೃಷ್ಣನ್ ಅವರು ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿಗೆ ಹೂವಿನ ಅಲಂಕಾರ ಮಾಡಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ಒಬ್ಬ ಮೇಷ್ಟ್ರಿಗೆ ಅಂಥ ಬೀಳ್ಕೊಡುಗೆ ಕೊಟ್ಟವರು ವಿದ್ಯಾರ್ಥಿಗಳು. ಇವತ್ತು ಯಾರಾದರೂ ಹಾಗೆ ಮಾಡಲು ಹೊರಟರೆ ಹೂವು ಬಾಡುವುದರೊಳಗೆ ಸಹಿ ಸಿಗುವುದು ಕಷ್ಟ.

ಇನ್ನು ಅತಿಥಿ ಏನು ಮಾತಾಡುತ್ತಾರೆ ಅಂತ ಮೊದಲೇ ಬರೆದುಕೊಡುವ ವಿಚಾರ. 1916ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಮಾರಂಭ. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೇ ಅದರ ಮೊದಲ ಕುಲಾಧಿಪತಿ, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ಶುರುವಾಯಿತು. ಅಲ್ಲಿ ಗಾಂಧೀಜಿ ಮಾತಾಡಲು ನಿಂತರು. ಎದುರಿಗೆ ರಾಜಮಹಾರಾಜರು. ಗಾಂಧೀಜಿ ಆ ರಾಜರ ಮೈಮೇಲಿನ ಒಡವೆ ಬಗ್ಗೆ ಮಾತಾಡಿದರು, ವಿಶ್ವನಾಥನ ಗುಡಿಯ ಸುತ್ತಲಿನ ಕೊಳಕಿನ ಬಗ್ಗೆ ಮಾತಾಡಿದರು, ವೈಸ್‌ರಾಯ್ ಬರುತ್ತಾರೆ ಅಂತ ಊರು ತುಂಬ ಪತ್ತೇದಾರರನ್ನು ನಿಲ್ಲಿಸಿದ್ದರ ಬಗ್ಗೆ ಮಾತಾಡಿದರು. ಆನಿ ಬೆಸೆಂಟ್ ನಿಲ್ಲಿಸಿ ಅಂದರು, ರಾಜರು ಎದ್ದು ಹೋದರು, ಸಭೆ ಅರ್ಧಕ್ಕೇ ಮುಗಿಯಿತು. ವಿಶ್ವವಿದ್ಯಾಲಯಕ್ಕೆ ಏನಾಯಿತು? ಏನೂ ಆಗಲಿಲ್ಲ, ಇನ್ನೂ ನಡೆಯುತ್ತಿದೆ. ಆ ಭಾಷಣವನ್ನೂ ಜನ ಇನ್ನೂ ಓದುತ್ತಿದ್ದಾರೆ. ಒಂದು ಪುಟದ ಸಾರಾಂಶ ಮುಂಚೆಯೇ ಕೇಳಿದ್ದರೆ ಗಾಂಧೀಜಿಯನ್ನು ಖಂಡಿತ ಕರೆಯುತ್ತಿರಲಿಲ್ಲ.

ಡಿಜೆ ವಿಷಯಕ್ಕೆ ಬರುತ್ತೇನೆ. ಶಬ್ದ ಮಾಲಿನ್ಯದ ಬಗ್ಗೆ ಕೇಂದ್ರದ ನಿಯಮ 2000ನೇ ಇಸವಿಯಿಂದಲೇ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ 12ರವರೆಗೆ ಸಡಿಲ ಮಾಡಬಹುದು, ಅದೂ ವರ್ಷಕ್ಕೆ 15 ದಿನ ಮಾತ್ರ. ಶಾಲೆ, ಕಾಲೇಜು, ಆಸ್ಪತ್ರೆಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಅಂತ ಘೋಷಿಸಲು ಅವಕಾಶ ಇದೆ, ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 40. ಇದು ಕಾನೂನು. ಇದನ್ನು ಪಾಲಿಸಿ ಅಂತ ಹೇಳಲು ಧೈರ್ಯ ಬೇಕು, ಯಾಕೆಂದರೆ ಡಿಜೆ ಹಾಕಿಸುವವರ ಹಿಂದೆ ಯಾರಾದರೂ ಇರುತ್ತಾರೆ. ಕವಿತೆ ಓದುವವರ ಹಿಂದೆ ಯಾರಿರುತ್ತಾರೆ? ಅದಕ್ಕೇ ನಿಯಮ ನಿಮ್ಮ ಮೇಲೆ ಬೀಳುತ್ತದೆ.

ಕ್ಯಾಂಪಸ್ಸೊಂದರ ಕಥೆಯಲ್ಲ ಇದು. ಇದೇ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಒಂದು ಕಾಲದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು, ರೈತರಿಗೆ, ಅಂಗಡಿಯವರಿಗೆ ಅರ್ಥವಾಗುವ ಹಾಗೆ. ಆ ಉಪನ್ಯಾಸಗಳು ಚಿಕ್ಕ ಚಿಕ್ಕ ಪುಸ್ತಕಗಳಾಗಿ ಬಂದವು. 1960ರಲ್ಲಿ ಹೊಸ ಕ್ಯಾಂಪಸ್ ಆದಾಗ ಕುವೆಂಪು ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ವಿದ್ಯೆ ಅಲ್ಲಿ ಹುಟ್ಟಿ ಹೊರಗೆ ಹರಿಯಬೇಕು ಅನ್ನುವ ಆಸೆ ಆ ಹೆಸರಿನಲ್ಲೇ ಇದೆ. ಈಗ ಎಷ್ಟೋ ಕ್ಯಾಂಪಸ್ಸುಗಳಲ್ಲಿ ಹೊರಗಿನವರು ಒಂದು ಉಪನ್ಯಾಸ ಕೇಳಲು ಬಂದರೂ ಗೇಟಿನಲ್ಲಿ ಆಧಾರ್ ತೋರಿಸಬೇಕು. ಊರೊಳಗೆ ಮಾಡೋಣ ಅಂದರೆ ಸಭಾಂಗಣದ ಬಾಡಿಗೆ ವಿದ್ಯಾರ್ಥಿಗಳ ಕೈಗೆ ಎಟುಕಲ್ಲ. ಉಳಿದಿದ್ದು ದೊಡ್ಡ ಕಾರ್ಯಕ್ರಮ. ವೇದಿಕೆ ಮೇಲೆ ಇಪ್ಪತ್ತು ಜನ, ಎಲ್ಲರಿಗೂ ಶಾಲು, ಹಾರ, ಮುಖ್ಯ ಅತಿಥಿ ಒಂದೂವರೆ ಗಂಟೆ ಲೇಟು, ಅಲ್ಲಿಯವರೆಗೆ ವಿದ್ಯಾರ್ಥಿಗಳು ಕುರ್ಚಿ ತುಂಬಿಸಲು ಕೂತಿರಬೇಕು. ಇದಕ್ಕೆ ಒಂದೇ ದಿನದಲ್ಲಿ ಅನುಮತಿ ಸಿಗುತ್ತದೆ. ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ ನನಗೆ.

ನಿಮಗೂ ಒಂದು ಮಾತು ಹೇಳಲೇಬೇಕು. ಅರ್ಜಿ ಕೊಟ್ಟದ್ದು ಕಾರ್ಯಕ್ರಮಕ್ಕೆ ನಾಲ್ಕು ದಿನ ಮುಂಚೆ ಅಂತ ನಿಮ್ಮ ಪತ್ರದಲ್ಲೇ ಬೇರೆ ಕಡೆ ಬರೆದಿದ್ದೀರಿ. ಅಷ್ಟರೊಳಗೆ ಆಮಂತ್ರಣ ಪತ್ರಿಕೆಯೂ ಅಚ್ಚಾಗಿತ್ತು. ಇದು ಸರಿಯಲ್ಲ ಕಣಮ್ಮ. ಬೇಡ ಅನ್ನಲು ಕಾಯುತ್ತಿರುವವರ ಕೈಗೆ ನೀವೇ ನೆಪ ಕೊಟ್ಟ ಹಾಗಾಯಿತು.

ಮುಂದಿನ ಸಲ ಮೂರು ವಾರ ಮುಂಚೆ ಅರ್ಜಿ ಕೊಡಿ. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅವರು ಕೇಳದಿದ್ದರೂ ಒಂದು ಹಾಳೆ ನೀವೇ ಸೇರಿಸಿ: ಎಷ್ಟು ಜನ, ಯಾವ ಬಾಗಿಲು, ಬೀಗದ ಕೈ ಯಾರ ಹತ್ತಿರ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕಸ ಯಾರು ಎತ್ತುತ್ತಾರೆ. ಭಾಷಣದ ಸಾರಾಂಶ ಕೇಳಿದರೆ, ಯಾವ ನಿಯಮದ ಪ್ರಕಾರ ಅಂತ ವಿನಯವಾಗಿ, ಬರವಣಿಗೆಯಲ್ಲಿ ಕೇಳಿ. ಉತ್ತರ ಬರಲಿಲ್ಲವಾ, ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಸರ್ಕಾರಿ ವಿಶ್ವವಿದ್ಯಾಲಯವಾದರೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಹಿಂದಿನ ಆರು ತಿಂಗಳಲ್ಲಿ ಯಾವ ಯಾವ ಕಾರ್ಯಕ್ರಮಕ್ಕೆ ಅನುಮತಿ ಕೊಟ್ಟರು, ಎಷ್ಟು ದಿನದಲ್ಲಿ ಕೊಟ್ಟರು ಅನ್ನುವುದನ್ನೂ ಅದರಲ್ಲೇ ಕೇಳಿ. ಬಂದ ಉತ್ತರವನ್ನು ನಮಗೆ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

— ಸಂಪಾದಕ