‘ಹತೋಟಿಯಲ್ಲಿಡುತ್ತವೆ’ ಎಂದರೆ ಸಾಲದು

ಮಾನ್ಯರೇ,

ಉಡುಪಿಯಿಂದ ನೀವು ಕಳುಹಿಸಿದ ‘ದೇಹದೊಳಗಿನ ಭಾಗವತ’ ಲೇಖನವನ್ನು ಓದಿದೆ. ಭಾಷೆ ಶುದ್ಧವಾಗಿದೆ, ವಿಷಯದ ಆಯ್ಕೆಯೂ ಒಳ್ಳೆಯದು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

‘ಭಾಗವತರ ಸನ್ನೆಗೆ ಚೆಂಡೆ ನಿಲ್ಲುವಂತೆ, ನಿಗ್ರಹಕ ಟಿ ಕೋಶಗಳು ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುತ್ತವೆ’ ಎಂದು ಬರೆದಿದ್ದೀರಿ. ಈ ವಾಕ್ಯ ನನ್ನನ್ನು ಕೆರಳಿಸಿತು. ಭಾಗವತರು ಕುಳಿತಲ್ಲಿಂದಲೇ ಇಡೀ ರಂಗಸ್ಥಳವನ್ನು ನಡೆಸುತ್ತಾರೆ. ಟಿ ಕೋಶಗಳೆಂದರೆ ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು; ಅವು ಸ್ವಂತ ದೇಹದ ಮೇಲೆಯೇ ತಿರುಗಿಬೀಳದಂತೆ ತಡೆಯುವ ಈ ನಿಗ್ರಹಕ ಕೋಶಗಳಿಗೆ ಅಂಥ ಪೀಠವಿಲ್ಲ, ಅವುಗಳ ಕೆಲಸ ಬಹುಪಾಲು ಮೈಗೆ ಮೈ ತಾಗಿಯೇ ನಡೆಯುವಂಥದ್ದು. ಪ್ರತಿಜನಕವನ್ನು, ಅಂದರೆ ರೋಗಾಣುವಿನಂಥದ್ದರ ಗುರುತಿನ ತುಣುಕನ್ನು, ಟಿ ಕೋಶಗಳಿಗೆ ಎತ್ತಿ ತೋರಿಸುವ ಡೆಂಡ್ರೈಟಿಕ್ ಕೋಶದ ಮೇಲೆ ಸಿಡಿ80, ಸಿಡಿ86 ಎಂಬ ಅಣುಗಳಿರುತ್ತವೆ. ದಾಳಿಗೆ ಹೊರಡಬೇಕಾದ ಟಿ ಕೋಶಕ್ಕೆ ಅಗತ್ಯವಾದ ಎರಡನೆಯ ಸಂಕೇತ ಸಿಗುವುದು ಅವುಗಳಿಂದ. ನಿಗ್ರಹಕ ಕೋಶವು ತನ್ನ ಸಿಟಿಎಲ್‌ಎ-4 ಅಣುವಿನಿಂದ ಅವನ್ನು ಹಿಡಿದು, ಕಿತ್ತು, ತನ್ನೊಳಗೆಳೆದುಕೊಂಡು ನಾಶಮಾಡುತ್ತದೆ. ಅಷ್ಟೇ ಅಲ್ಲ, ಇತರ ಟಿ ಕೋಶಗಳು ಹೆಚ್ಚಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಸಂದೇಶವಾಹಕ ಪ್ರೋಟೀನನ್ನೂ ಹೀರಿಕೊಳ್ಳುತ್ತದೆ. ಇಷ್ಟು ಸೊಗಸಾದ ವ್ಯವಹಾರವನ್ನು ನೀವು ‘ಹತೋಟಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ಮಂಗಳೂರಿನ ಪತ್ರಿಕೆಯೊಂದರಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ, ‘ಸರಕು ಇಳಿಸಲಾಯಿತು’ ಎಂಬಂಥ ವಾಕ್ಯವನ್ನು ಹಿರಿಯ ಉಪಸಂಪಾದಕರು ಒಪ್ಪುತ್ತಲೇ ಇರಲಿಲ್ಲ. ಇಳಿಸಿದವರು ಯಾರು, ಯಾವುದರಿಂದ ಇಳಿಸಿದರು ಎಂದು ಪಣಂಬೂರು ಬಂದರಿಗೆ ಹೋಗಿ ನೋಡಿ ಬಂದ ಮೇಲೆಯೇ ಬರೆಯಬೇಕಿತ್ತು. ನಿಮ್ಮಿಂದಲೂ ನಾನು ಕೇಳುತ್ತಿರುವುದು ಅದನ್ನೇ.

ಇನ್ನೊಂದು ಸಾಲು: ‘1970ರ ದಶಕದಲ್ಲಿ ಪತ್ತೆಯಾದ ಈ ಕೋಶಗಳ ಸಂಶೋಧನೆ ಅಂದಿನಿಂದ ನಿರಂತರವಾಗಿ ಸಾಗಿದೆ.’ ನಿರಂತರ ಎಲ್ಲಿತ್ತು? ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಗರ್ಶನ್ ಈ ಕಲ್ಪನೆಯನ್ನು ಮುಂದಿಟ್ಟದ್ದು ನಿಜ. ಆದರೆ ನಿಗ್ರಹಕ ಕೋಶಗಳ ಗುರುತೆಂದು ನಂಬಿದ್ದ ‘ಐ-ಜೆ’ ಅಣುವಿನ ಜೀನ್, ಇದೆಯೆಂದ ಜಾಗದಲ್ಲಿ ಇಲ್ಲವೇ ಇಲ್ಲವೆಂದು 1980ರ ದಶಕದಲ್ಲಿ ತಿಳಿದುಬಂದಾಗ ಆ ಕ್ಷೇತ್ರವೇ ನೆಲಕಚ್ಚಿತು. ಆ ಹೆಸರೆತ್ತಲೂ ಅನೇಕರು ಹಿಂಜರಿದರು. ಜಪಾನಿನ ಶಿಮೊನ್ ಸಕಾಗುಚಿ ಮಾತ್ರ ಬಿಡಲಿಲ್ಲ. ಮೈಮೇಲೆ ಸಿಡಿ25 ಎಂಬ ಅಣುವನ್ನು ಹೊತ್ತ ಟಿ ಕೋಶಗಳನ್ನು, ಅಂದರೆ ಈ ನಿಗ್ರಹಕ ಕೋಶಗಳನ್ನು, ತೆಗೆದು ಉಳಿದವನ್ನಷ್ಟೇ ತಮ್ಮದೇ ಟಿ ಕೋಶಗಳಿಲ್ಲದ ಇಲಿಗಳಿಗೆ ಕೊಟ್ಟರೆ, ಆ ಕೋಶಗಳು ಇಲಿಗಳ ಸ್ವಂತ ಅಂಗಾಂಗಗಳ ಮೇಲೆಯೇ ತಿರುಗಿಬೀಳುತ್ತವೆ ಎಂದು ಅವರು 1995ರಲ್ಲಿ ತೋರಿಸಿದರು. 2025ರ ನೊಬೆಲ್ ಪ್ರಶಸ್ತಿಯನ್ನು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ಹಂಚಿಕೊಂಡವರು ಇವರೇ. ನೀವು ಒಂದು ಸಾಲಿನಲ್ಲಿ ದಾಟಿದ್ದು ಈ ಇಡೀ ಕಥೆಯನ್ನು.

ನಿಗ್ರಹಕ ಕೋಶಗಳು ರೂಪುಗೊಳ್ಳಲು ಬೇಕಾದ ಫಾಕ್ಸ್‌ಪಿ3 ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಶೈಶವದಲ್ಲೇ ಮಧುಮೇಹ, ಬಿಡದ ಭೇದಿ, ಇಸುಬು ಕಾಡುವುದನ್ನು ನೀವು ಕೊನೆಯ ಪುಟದಲ್ಲಿ ಬರೆದಿದ್ದೀರಿ. ಆ ಭಾಗವನ್ನು ಮೊದಲಿಗೆ ತನ್ನಿ. ಶೀರ್ಷಿಕೆಯನ್ನೂ ಭಾಗವತರನ್ನೂ ಕೈಬಿಟ್ಟು ಲೇಖನವನ್ನು ಮತ್ತೆ ಕಳುಹಿಸಿ.