ಕತ್ತಿನ ಸ್ಟೆಂಟ್ ಎದೆಯ ಸ್ಟೆಂಟ್‌ನಂತಲ್ಲ

ಪ್ರಿಯ ಓದುಗರೇ,

ನಿಮ್ಮ ತಂದೆಯವರಿಗೆ 76 ವರ್ಷ. ಕತ್ತಿನ ಎಡಗಡೆಯ ರಕ್ತನಾಳ ಶೇ. 80ರಷ್ಟು ಕಿರಿದಾಗಿದೆ. ‘ಹೃದಯಕ್ಕೆ ಹಾಕಿದ ಹಾಗೆ ಇಲ್ಲೂ ಒಂದು ಸ್ಟೆಂಟ್ ಹಾಕಿಸಿದರೆ ಮುಗೀತಲ್ವಾ?’ ಎಂದು ಕೇಳಿದ್ದೀರಿ.

ಸ್ಟೆಂಟ್ ಅಂದರೆ ಕಿರಿದಾದ ನಾಳವನ್ನು ತೆರೆದಿಡುವ ಪುಟ್ಟ ಕೊಳವೆ. ಆದರೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಕತ್ತಿನಲ್ಲಿ ಇರುವ ಭಯವೇ ಬೇರೆ. ನಾಳದೊಳಗೆ ಕೂತ ಕೊಬ್ಬಿನ ಚೂರು ಕಿತ್ತು ಮಿದುಳಿಗೆ ಹೋದರೆ ಸ್ಟ್ರೋಕ್. ಸ್ಟೆಂಟ್ ಹಾಕುವಾಗ ಆಗಬಹುದಾದ ಅಪಾಯವೂ ಅದೇ! ಸಾಮಾನ್ಯವಾಗಿ ತೊಡೆಸಂದಿನಿಂದ ತಂತಿ ತೂರಿಸಿ, ಎದೆಯೊಳಗಿನ ಮಹಾಧಮನಿಯ ಬಾಗು ದಾಟಿಸಿ ಕತ್ತಿಗೆ ತರುತ್ತಾರೆ. ವಯಸ್ಸಾದವರಲ್ಲಿ ಆ ಬಾಗು ಗಡುಸು, ಅಂಕುಡೊಂಕು. ತಂತಿ ಉಜ್ಜಿದಲ್ಲಿ ಚೂರು ಏಳಬಹುದು. ಚೂರು ಹಿಡಿಯಲು ಪುಟ್ಟ ಕೊಡೆಯಂಥ ಜಾಲರಿ ಬಿಚ್ಚಿಡುತ್ತಾರೆ, ನಿಜ. ಆದರೆ ಆ ಜಾಲರಿಯೂ ಮೊದಲು ಅದೇ ಕಿರಿದಾದ ಸಂದಿಯಲ್ಲಿ ನುಸುಳಿ ಹೋಗಬೇಕು. ನಾಳ ಅಗಲಿಸಲು ಒಳಗೆ ಪುಟ್ಟ ಬಲೂನ್ ಉಬ್ಬಿಸಿದಾಗ ನಾಡಿಬಡಿತ, ಬಿಪಿ ದಿಢೀರನೆ ಇಳಿಯುವುದೂ ಉಂಟು.

ಇನ್ನೊಂದು ದಾರಿ, ಕತ್ತು ತೆರೆದು ಕೊಬ್ಬನ್ನು ಕೆರೆದು ತೆಗೆಯುವ ಆಪರೇಷನ್. 2010ರಲ್ಲಿ ಪ್ರಕಟವಾದ ‘ಕ್ರೆಸ್ಟ್’ ಅಧ್ಯಯನ ಸುಮಾರು 2,500 ಜನರಲ್ಲಿ ಇವೆರಡನ್ನೂ ಹೋಲಿಸಿತು. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಸ್ಟ್ರೋಕ್ ಆದದ್ದು ಸ್ಟೆಂಟ್‌ನವರಲ್ಲಿ ಶೇ. 4.1, ಆಪರೇಷನ್‌ನವರಲ್ಲಿ ಶೇ. 2.3. ಹಾರ್ಟ್ ಅಟ್ಯಾಕ್ ಮಾತ್ರ ಉಲ್ಟಾ: ಶೇ. 1.1 ಮತ್ತು 2.3. ಆ ಗಂಡಾಂತರ ದಾಟಿದವರಿಗೆ ಮುಂದಿನ ವರ್ಷಗಳಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಸುಮಾರು 70 ದಾಟಿದವರಿಗೆ ಆಪರೇಷನ್ನೇ ವಾಸಿ ಎಂದು ಕಂಡಿತು. ಹಿಂದೆ ಕತ್ತಿಗೆ ರೇಡಿಯೇಷನ್ ಕೊಟ್ಟಿದ್ದರೆ, ಹೃದಯ ತೀರಾ ದುರ್ಬಲವಾಗಿದ್ದರೆ ಲೆಕ್ಕ ಸ್ಟೆಂಟ್ ಕಡೆಗೆ ವಾಲುತ್ತದೆ.

ನೀವು ಕಾಗದದ ತುಂಬ ಶೇ. 80ರ ಬಗ್ಗೆಯೇ ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ: ‘ಹೋದ ವಾರ ಸಹಿ ಹಾಕುವಾಗ ಬಲಗೈಯಿಂದ ಪೆನ್ನು ಜಾರಿತು, ಮಾತು ತೊದಲಿತು, ಹತ್ತು ನಿಮಿಷಕ್ಕೆ ಸರಿಹೋಯ್ತು.’ ಅದು ಸುಮ್ನೆ ಸುಸ್ತಲ್ಲ, ಸ್ಟ್ರೋಕಿನ ಮುನ್ಸೂಚನೆ ಇರಬಹುದು. ಲಕ್ಷಣವೇ ಕಾಣದವರಿಗೆ ಎಷ್ಟೋ ಸಲ ಮಾತ್ರೆಗಳೇ ಸಾಕಾಗುತ್ತವೆ. ಕಂಡವರಿಗೆ ಹಾಗಲ್ಲ. ಎರಡು ವಾರದೊಳಗೆ ನಾಳ ಸರಿಮಾಡಿಸಿದರೆ ಲಾಭ ಜಾಸ್ತಿ. ಅದಕ್ಕೇ ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ, ಕೂಡಲೇ ಆಸ್ಪತ್ರೆಗೆ ಹೊರಡಿ ಎಂದದ್ದು. ಅವಸರದಲ್ಲಿ ಹೇಳಿದ್ದನ್ನೇ ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬಿಡಿಸಿ ಬರೆದಿದ್ದೇನೆ.

ವೈದ್ಯರನ್ನು ಸಂಕೋಚವಿಲ್ಲದೆ ಒಂದು ಮಾತು ಕೇಳಿ: ‘ನೀವು ಮಾಡಿದವರಲ್ಲಿ ಎಷ್ಟು ಜನಕ್ಕೆ ಸ್ಟ್ರೋಕ್ ಅಥವಾ ಸಾವು ಆಗಿದೆ?’ ಲಕ್ಷಣ ಕಂಡವರಲ್ಲಿ ಅದು ಶೇ. 6 ಮೀರಬಾರದು, ಕಾಣದವರಲ್ಲಿ ಶೇ. 3. ಸ್ಟೆಂಟ್ ಹಾಕಿಸಿದರೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಕನಿಷ್ಠ ಒಂದು ತಿಂಗಳು ನುಂಗಬೇಕು; ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಹಲ್ಲು ಕೀಳಿಸಬೇಕು ಅಂತ ನಡುವೆ ನೀವಾಗಿಯೇ ನಿಲ್ಲಿಸಬೇಡಿ.

— ಸಂ.