ಸೂರ್ಯ ತಲೆಕೆಳಗಾದರೂ ಸೂರ್ಯನೇ

ಓದುಗರ ಪತ್ರ: "ಗೆಳತಿಯ ಜೊತೆ ಮಾತು ಬಿಟ್ಟು ಎಂಟು ತಿಂಗಳಾಯಿತು. ನಾನೇ ಮೊದಲು ಫೋನ್ ಮಾಡಲೇ ಎಂದು, ಚಿತ್ರ ನೋಡಿ ಭವಿಷ್ಯ ಓದುವ ಟ್ಯಾರೋ ಕಾರ್ಡ್ ತೆಗೆದೆ. ನಿನ್ನೆ, ಇವತ್ತು, ನಾಳೆ ಎಂದು ಮೂರು. ಫೈವ್ ಆಫ್ ಕಪ್ಸ್ (ಐದು ಬಟ್ಟಲು), ಏಟ್ ಆಫ್ ಸ್ವೋರ್ಡ್ಸ್ (ಎಂಟು ಕತ್ತಿ), ದಿ ಸನ್ (ಸೂರ್ಯ). ಮೂರೂ ತಲೆಕೆಳಗು. ಚೆಲ್ಲಿಹೋದ ಮೂರು ಬಟ್ಟಲು ನೋಡಿಯೇ ಎದೆ ಧಸಕ್ಕೆಂದಿತು. ಸೂರ್ಯನೇ ತಲೆಕೆಳಗಾದ ಮೇಲೆ ಇನ್ನೇನು ಉಳಿಯಿತು? ನನಗೆ ಯಾವಾಗಲೂ ತಲೆಕೆಳಗಾದವೇ ಜಾಸ್ತಿ ಬರುತ್ತವೆ. ಫೋನ್ ಕೆಳಗಿಟ್ಟುಬಿಟ್ಟೆ. ಇಂಥ ಕಾರ್ಡುಗಳನ್ನು ಹೇಗೆ ಓದಬೇಕು? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫೋನ್ ಕೆಳಗಿಟ್ಟೆ ಎಂಬ ಸಾಲು ಮನಸ್ಸಿಗೆ ನಾಟಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕೈ ಗಮನಿಸಿ. ಬೋರಲು ಇರುವ ಕಾರ್ಡನ್ನು ಹೇಗೆ ಮಗುಚುತ್ತೀರಿ? ಪುಸ್ತಕದ ಹಾಳೆಯಂತೆ ಪಕ್ಕದಿಂದ ತಿರುಗಿಸಿದರೆ ಕಟ್ಟಿನಲ್ಲಿ ಇದ್ದ ಹಾಗೆಯೇ ಬರುತ್ತದೆ. ಕೆಳಗಿನ ಅಂಚು ಹಿಡಿದು ಮೇಲಕ್ಕೆ ಮಗುಚಿದರೆ ನೇರ ಇದ್ದದ್ದು ತಲೆಕೆಳಗಾಗುತ್ತದೆ. ಕಟ್ಟಿನಲ್ಲಿ ಎಲ್ಲವೂ ನೇರ ಇದ್ದರೂ ನಿಮಗೆ ಎಲ್ಲವೂ ತಲೆಕೆಳಗೇ ಕಾಣಿಸುತ್ತದೆ. "ಯಾವಾಗಲೂ" ಎಂದು ಬರೆದಿದ್ದೀರಲ್ಲ, ಕಾರಣ ಅಲ್ಲೇ ಇರಬಹುದು. ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಎರಡೂ ಕೈಯಿಂದ ಸುತ್ತಿ ಸುತ್ತಿ ಕಲೆಸಿ. ಹಾಗೆ ಚೆನ್ನಾಗಿ ಕಲೆಸಿದರೂ ಎಂಟು ಸಲಕ್ಕೆ ಒಂದು ಸಲ ಮೂರಕ್ಕೆ ಮೂರೂ ತಲೆಕೆಳಗಾಗಿ ಬರುತ್ತವೆ. ಅದು ಅಪರೂಪವೇನಲ್ಲ.

ತಲೆಕೆಳಗಾದರೆ ಕೆಟ್ಟದ್ದು ಎಂಬ ಮಾತು ಟ್ಯಾರೋ ಜೊತೆಗೇ ಹುಟ್ಟಿದ್ದಲ್ಲ. 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಇದು ಬರೀ ಆಟದ ಎಲೆ. ಆಟದಲ್ಲಿ ಎಲೆ ಯಾವ ಕಡೆ ತಿರುಗಿದೆ ಎಂದು ಯಾರು ನೋಡುತ್ತಾರೆ? ಕಾರ್ಡ್ ನೋಡಿ ಭವಿಷ್ಯ ಹೇಳುತ್ತಿದ್ದ ಫ್ರಾನ್ಸಿನ ಎತೇಯಾ 1770ರಲ್ಲಿ, ಟ್ಯಾರೋಗೆ ಅರ್ಥ ಹೇಳುವ ಮೊದಲು, ಸಾಮಾನ್ಯ ಇಸ್ಪೀಟು ಎಲೆಗಳಿಗೇ ನೇರಕ್ಕೊಂದು, ತಲೆಕೆಳಗಿಗೊಂದು ಅರ್ಥ ಕೊಟ್ಟು ಪುಸ್ತಕ ತಂದ. ಅಲಿಯೆಟ್ ಎಂಬ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಎತೇಯಾ ಆದವನು ಅವನು. ಈಗ ಹೆಚ್ಚು ಜನ ಬಳಸುವ 78 ಕಾರ್ಡಿನ ಕಟ್ಟು ಬಂದದ್ದು 1909ರಲ್ಲಿ, ಲಂಡನ್ನಿನಲ್ಲಿ. ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಅದನ್ನು ರೂಪಿಸಿದ ಎ. ಇ. ವೇಟ್ ಪ್ರತಿ ಕಾರ್ಡಿಗೂ ಅರ್ಥ ಬರೆದರು. ತಲೆಕೆಳಗಾದ ಸೂರ್ಯನಿಗೆ ಅವರು ಕೊಟ್ಟ ಅರ್ಥ ಏನು ಗೊತ್ತಾ? ಅದೇ ಅರ್ಥ, ಸ್ವಲ್ಪ ಕಡಿಮೆ, ಅಷ್ಟೇ. ಫೋರ್ ಆಫ್ ವ್ಯಾಂಡ್ಸ್ (ನಾಲ್ಕು ಕೋಲು) ತಿರುಗಿದರೂ ಅರ್ಥ ಬದಲಾಗದು ಎನ್ನುತ್ತಾರೆ. ಬೆನ್ನಿಗೆ ಹತ್ತು ಕತ್ತಿ ಚುಚ್ಚಿಕೊಂಡು ಬಿದ್ದವನ ಟೆನ್ ಆಫ್ ಸ್ವೋರ್ಡ್ಸ್ ತಲೆಕೆಳಗಾದರೆ ಲಾಭ, ಗೆಲುವು. ಆದರೆ ಬಾಳಿಕೆ ಬರದು ಎಂದೂ ಸೇರಿಸಿದ್ದಾರೆ. ತಲೆಕೆಳಗು ಎಂದರೆ ಸೀದಾ ಉಲ್ಟಾ ಎಂದುಕೊಂಡರೆ ಇವು ಯಾವುವೂ ಹೊಂದುವುದಿಲ್ಲ, ಅಲ್ವಾ?

ನಾನು ಓದುವ ಬಗೆ ಹೀಗೆ. ಮೊದಲು ಕಾರ್ಡನ್ನು ನೇರವಾಗಿಟ್ಟು ಅದರ ಮಾತು ಕೇಳುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ಈ ಶಕ್ತಿ ಎಲ್ಲಿ ಸಿಕ್ಕಿಕೊಂಡಿದೆ? ಒಳಕ್ಕೆ ತಿರುಗಿದೆಯೇ, ತಡವಾಗಿದೆಯೇ, ಹಿಡಿತ ಸಡಿಲವಾಗುತ್ತಿದೆಯೇ? ಖುಷಿಯ ಕಾರ್ಡ್ ತಿರುಗಿದರೆ ಖುಷಿ ಅಡಗಿದೆ ಎನ್ನುತ್ತೇನೆ, ಸತ್ತಿದೆ ಎನ್ನುವುದಿಲ್ಲ. ನೋವಿನ ಕಾರ್ಡ್ ತಿರುಗಿದರೆ ಎಷ್ಟೋ ಸಲ ಅದು ನೋವು ಇಳಿಯುವ ಹೊತ್ತು.

ಈಗ ನಿಮ್ಮ ಏಟ್ ಆಫ್ ಸ್ವೋರ್ಡ್ಸ್ ನೋಡಿ. ಒಬ್ಬ ಹೆಂಗಸು, ಕಣ್ಣಿಗೆ ಪಟ್ಟಿ, ಮೈಗೆ ಕಟ್ಟು, ಸುತ್ತ ಎಂಟು ಕತ್ತಿ. ಆದರೆ ಅವಳ ಕಾಲಿಗೆ ಕಟ್ಟಿಲ್ಲ. ಕತ್ತಿಗಳ ನಡುವೆ ಜಾಗವೂ ಇದೆ. ಈ ಕಾರ್ಡ್ ತಿರುಗಿತು ಎಂದರೆ ನನಗೆ ಕಾಣುವುದು ಕಳಚುತ್ತಿರುವ ಹಗ್ಗ. ಎಂಟು ತಿಂಗಳ ಮೇಲೆ ಫೋನ್ ಕೈಗೆತ್ತಿಕೊಂಡಿರಿ, ಇದು ಅದೇ ಅಲ್ವಾ? ಸೂರ್ಯನ ಕಾರ್ಡಿನಲ್ಲಿ ಬಿಳಿ ಕುದುರೆಯ ಮೇಲೆ ನಗುವ ಮಗು ಇದೆ. ಅದು ತಿರುಗಿದ್ದನ್ನು ನಾನು ಹೀಗೆ ಓದುತ್ತೇನೆ: ಮೊದಲ ಮಾತಿನಲ್ಲೇ ಹಳೆಯ ನಗು ಮರಳದಿರಬಹುದು, ಸ್ವಲ್ಪ ಹೊತ್ತು ಹಿಡಿಯಬಹುದು.

ತಲೆಕೆಳಗು ನೋಡಲೇಬೇಕು ಎಂಬ ನಿಯಮವೂ ಇಲ್ಲ. ಎಷ್ಟೋ ಅನುಭವಿಗಳು ಎಲ್ಲವನ್ನೂ ನೇರವಾಗಿಯೇ ಓದುತ್ತಾರೆ. ಪಕ್ಕದ ಕಾರ್ಡ್ ನೋಡಿ ಬಲಾಬಲ ಅಳೆಯುವವರೂ ಇದ್ದಾರೆ. ವ್ಯಾಂಡ್ಸ್ ಬೆಂಕಿಯ ಗುಂಪು, ಕಪ್ಸ್ ನೀರಿನದು; ಅಕ್ಕಪಕ್ಕ ಬಂದರೆ ಎರಡೂ ಕುಗ್ಗುತ್ತವೆ ಎಂಬುದು ಅವರ ಲೆಕ್ಕ. ಯಾವ ದಾರಿಯಾದರೂ ಸರಿ, ಕಲೆಸುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕಾರ್ಡ್ ಕಂಡ ಮೇಲೆ ನಿಯಮ ಬದಲಿಸಿದರೆ ನಿಮ್ಮ ಭಯವೋ ಆಸೆಯೋ ಓದುತ್ತಿರುತ್ತದೆ, ನೀವಲ್ಲ.

ಫೋನ್ ಮಾಡಬೇಕೋ ಬೇಡವೋ ಎಂದು ಕಾರ್ಡ್ ಹೇಳಲಾರದು, ನಾನೂ ಹೇಳುವುದಿಲ್ಲ. ಒಂದು ಕೆಲಸ ಮಾಡಿ. ಫೈವ್ ಆಫ್ ಕಪ್ಸ್ ಅನ್ನು ನೇರವಾಗಿಟ್ಟು ಮತ್ತೊಮ್ಮೆ ನೋಡಿ. ಚೆಲ್ಲಿದ ಮೂರು ಬಟ್ಟಲನ್ನು ಬರೆದಿದ್ದೀರಿ. ಚಿತ್ರದಲ್ಲಿ ನಿಂತವನ ಬೆನ್ನ ಹಿಂದೆ ಎರಡು ಬಟ್ಟಲು ಇನ್ನೂ ನಿಂತಿವೆ. ದೂರದಲ್ಲಿ ಹೊಳೆಗೆ ಒಂದು ಸೇತುವೆಯೂ ಇದೆ. ಅವೆರಡನ್ನೂ ನಿಮ್ಮ ಪತ್ರದಲ್ಲಿ ನಾನು ಕಾಣಲಿಲ್ಲ.